ಮೊದಲ ಸಲ ಮಾತ್ರ

ಹಾನುಸ್ ತೀರಿಕೊಂಡದ್ದು ಮಂಗಳವಾರ ಬೆಳಗಿನ ಜಾವ,
ಆಸ್ಪತ್ರೆಯ ಮೇಲಂತಸ್ತಿನಲ್ಲಿ, ಒಂದೇ ಸಲ.
ಬುಧವಾರ ಅವನನ್ನು ಮೂರು ಸಲ ಸಾಯಿಸಿದವಳು ನಾನು.

ಕ್ಲಾಕ್ಸ್‌ವಿಕ್ಕಿನ ಊರ ಕಚೇರಿಯಲ್ಲಿ ನನ್ನದು ಸಣ್ಣ ಕೆಲಸ:
ದೋಣಿ ಹೊರಡುವ ಹೊತ್ತು, ಸುರಂಗ ಮುಚ್ಚುವ ದಿನ,
ಯಾರದೋ ಕುರಿ ಯಾರದೋ ಹಿತ್ತಲಿಗೆ ನುಗ್ಗಿದ್ದು,
ಮತ್ತೆ, ಸಾವು.
ಗುಮಾಸ್ತ ಬರೆದು 'ಪ್ರಕಟಿಸು' ಒತ್ತಿದರೆ
ಹದಿನೆಂಟುನೂರು ಜೇಬುಗಳಲ್ಲಿ ಒಟ್ಟಿಗೇ ಗಂಟೆ.
ಆ ಗಂಟೆ ಬಾರಿಸುವ ಹನ್ನೊಂದು ಸಾಲು ನನ್ನವು.
ಹೆಮ್ಮೆಯಿತ್ತು, ಸುಳ್ಳೇಕೆ.

ಏಳೂ ಹತ್ತಕ್ಕೆ ಹಾನುಸ್ ಹೋದ ಸುದ್ದಿ ಹೋಯಿತು.
ಒಂಬತ್ತಕ್ಕೆ ಪಾದ್ರಿಯ ಫೋನು: ಮಣ್ಣು ಎರಡಕ್ಕಲ್ಲ, ಒಂದಕ್ಕೆ.
ಗುಮಾಸ್ತ ಸಾಕಾರಿಸ್ ಎರಡಳಿಸಿ ಒಂದು ಮಾಡಿದ, ಒತ್ತಿದ.
ಗಂಟೆ.
ಹನ್ನೊಂದೂವರೆಗೆ ಸತ್ತವನ ತಂಗಿಯೇ ಬಂದಳು,
ಅಪ್ಪನ ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿದೆಯೆಂದು,
ನಮ್ಮಲ್ಲಿ ಬರೆಯುತ್ತೇವೆ ಅದನ್ನು, ಬಾಯಲ್ಲಿ ಹೇಳುವುದಿಲ್ಲ.
ಸದ್ದಿಲ್ಲದ ಆ ಅಕ್ಷರ ಸೇರಿಸಿದ, ಒತ್ತಿದ.
ಗಂಟೆ.

ಯಂತ್ರಕ್ಕೆ ಗೊತ್ತಿದ್ದದ್ದು ಇಷ್ಟು: ಒತ್ತಿದರೆ ಸಾರು.
ಯಾವುದು ಹೊಸತು, ಯಾವುದು ತಿದ್ದಿದ್ದು, ಅದರ ಗೊಡವೆಯಲ್ಲ.
ಹಾಡಿದ್ದೇ ಹಾಡುವ ಕಿಸಬಾಯಿದಾಸನಾದರೂ
ಕೇಳುವವರ ಮುಖ ನೋಡಿಯಾನು.

ಮಧ್ಯಾಹ್ನ ಹೆಂಡತಿ ಮಾರ್ಯುನ್ ಫೋನು ಮಾಡಿದಳು.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಆಲೂಗಡ್ಡೆ ಸುಲೀತಿದ್ದೆ," ಅಂದಳು,
"ಐದು ನಿಮಿಷ ಲೋಕದಲ್ಲಿ ಆಲೂಗಡ್ಡೆ ಬಿಟ್ಟು ಬೇರೇನೂ ಇರಲಿಲ್ಲ.
ಆಗ ನಿನ್ನ ಗಂಟೆ."

ಆ ರಾತ್ರಿ ಕಚೇರಿಯಲ್ಲೇ ಕೂತೆ.
ಬಂದರಿನ ಕಡೆಯಿಂದ ಗಾಳಿ ಬಾಗಿಲ ಹಿಡಿ ಅಲ್ಲಾಡಿಸುತ್ತಿತ್ತು,
ಬೀಗವಿದೆಯೆಂದು ಗೊತ್ತಿದ್ದೂ.
ಬರೆದೆ: ಹಿಂದಿನ ಸ್ಥಿತಿ ಕರಡಾಗಿದ್ದು
ಈಗಿನದು ಪ್ರಕಟವಾದರೆ
ಆಗ. ಆಗ ಮಾತ್ರ.
ಪರೀಕ್ಷೆಗೊಬ್ಬ ಬೇಕಲ್ಲ, ಹುಟ್ಟದ ಒಬ್ಬನನ್ನು ಸಾಯಿಸಿದೆ,
ಅವನ ವಯಸ್ಸು ತಿದ್ದಿದೆ, ಊರು ತಿದ್ದಿದೆ, ಹೆಂಡತಿಯನ್ನೂ ಬದಲಿಸಿದೆ.
ಗಂಟೆ ಒಮ್ಮೆ ಹೊಡೆದು ಸುಮ್ಮನಾಯಿತು.

ಕೋಟು ಹಾಕಿಕೊಂಡಾಗ ಹೊಳೆಯಿತು ಸಾಕಾರಿಸನ ಅಭ್ಯಾಸ.
ದೊಡ್ಡ ತಪ್ಪು ಕಂಡರೆ ಅವನು ಸುದ್ದಿಯನ್ನೇ ಹಿಂದಕ್ಕೆಳೆಯುತ್ತಾನೆ,
ಮತ್ತೆ ಕರಡು ಮಾಡಿ, ಚಹಾ ಕುಡಿದು, ತಿದ್ದಿ, ಬಿಡುತ್ತಾನೆ.
ಹಿಂದಕ್ಕೆಳೆದ ಸಾವು ಮತ್ತೆ ಕರಡು.
ಮತ್ತೆ ಹೊಸದಾಗಿ ಬರುತ್ತದೆ, ತಲೆ ಬಾಚಿಕೊಂಡು.

ಸ್ಥಿತಿಯನ್ನು ನಂಬಬಾರದು. ನೆನಪು ಬೇಕು.
ಕೋಟು ಬಿಚ್ಚದೆಯೇ ಇನ್ನೆರಡು ಸಾಲು ಬರೆದೆ:
ಗಂಟೆ ಹೊಡೆದ ಕೂಡಲೇ ಆ ಸುದ್ದಿಯ ಪಕ್ಕ ಒಂದು ಗುರುತು,
'ಹೇಳಿಯಾಯಿತು'.
ಮುಂದೆ ಯಾರು ಎಷ್ಟೇ ಎಳೆದರೂ ಬಿಟ್ಟರೂ
ಮೊದಲು ಆ ಗುರುತು ನೋಡು. ಇದ್ದರೆ ಬಾಯಿ ಮುಚ್ಚಿಕೋ.

ಭಾನುವಾರ ಅವಳ ಮನೆಗೆ ಹೋದೆ.
ಗಾಳಿಗೊಣಗಿದ ಕುರಿಮಾಂಸ ತೆಳ್ಳಗೆ ಕುಯ್ದಿಟ್ಟಳು, ರುಬಾರ್ಬ್ ಜಾಮು.
ಕ್ಷಮೆ ಕೇಳುವುದು ಬಿಟ್ಟು ನಾನು ವಿವರಿಸತೊಡಗಿದೆ,
ಕರಡು, ಪ್ರಕಟ, ಗುರುತು, ಚಾಕು ಫೋರ್ಕು ಜೋಡಿಸಿ ತೋರಿಸುತ್ತ.
ಗಮನವಿಟ್ಟು ಕೇಳಿದಳು, ಮೀನುಗಾರನ ಹೆಂಡತಿ
ಹವಾಮಾನ ವರದಿ ಕೇಳುವ ಹಾಗೆ.
"ಆ ಗುರುತು ಎಲ್ಲಿರುತ್ತೆ?"
ಸಾವಿನ ಜೊತೆಗೇ, ಅಂದೆ. ಅದರ ಮಗ್ಗುಲಲ್ಲೇ.
"ನನಗೂ ಒಂದು ಹಾಕಿಕೊಡು.
ದಿನಾ ಎದ್ದು ಎರಡು ಲೋಟ ಇಡ್ತೀನಿ.
ಆಮೇಲೆ ಗೊತ್ತಾಗುತ್ತೆ.
ದಿನಾ ಅದೇ ಮೊದಲ ಸಲ."

ಹನ್ನೊಂದು ಸಾಲಿಗೆ ಎರಡು ಸೇರಿಸಿದ್ದವಳು
ಏನೂ ಸೇರಿಸಲಾರದೆ ಕೂತೆ.
ಮೇಜಿನ ಮೇಲೆ ಎರಡನೇ ಲೋಟ ಖಾಲಿಯಿತ್ತು,
ಅಂಚಿನಲ್ಲಿ ಹಳೆಯದೊಂದು ಸೀಳು.
ಅದನ್ನೇ ಮುಂದಕ್ಕೆ ಹಿಡಿದೆ.
ಅವಳು ಒಂದು ಕ್ಷಣ ನನ್ನ ಮುಖ ನೋಡಿ
ಕಾಫಿ ಸುರಿದಳು, ಅಂಚಿನವರೆಗೂ.
ತುಟಿ ಸುಟ್ಟಿತು.