ಅಂತೆ

ಶಂಕರಘಟ್ಟದಲ್ಲಿ ನನ್ನ ಕೆಲಸ ಶುರುವಾಗುವುದು
ರಾತ್ರಿ ಹನ್ನೊಂದಕ್ಕೆ, ಲಾರಿಗಳು ನಿಂತ ಮೇಲೆ.
ಬಿ.ಆರ್.ಪಿ. ರಸ್ತೆಯಲ್ಲಿ ಒಬ್ಬ ಗೇರು ಬದಲಿಸಿದರೂ ಸಾಕು,
ಗಾಳಿಯ ಮೇಲೆ ತೇಲುವ ಈ ಮೇಜಿಗೆ ಗೊತ್ತಾಗುತ್ತದೆ,
ಪರದೆಯ ಮೇಲಿನ ಕೋಶ ನಡುಗಿ ಎರಡಾಗುತ್ತದೆ.

ಹಾಲೇಶಪ್ಪ ಕೆಳಗಿನಿಂದ ಕೂಗುತ್ತಾನೆ:
ಮೇಡಮ್, ಜನರೇಟರ್ ಹಾಕ್ಲಾ?
ಬೇಡ. ಅದೂ ನಡುಗಿಸುತ್ತದೆ.

ಇವತ್ತು ಗಾಜಿನ ಮೇಲಿರುವುದು ನಾನೇ.
ಅಫ್ಶೀನಳ ಪ್ರಯೋಗಕ್ಕೆ ಹೋಲಿಸಿ ನೋಡಲು
ಆರೋಗ್ಯವಾಗಿರುವ ಒಂದು ಹೆಣ್ಣುಕೋಶ ಬೇಕಿತ್ತು.
ಐಸ್‌ಕ್ರೀಮ್ ಕಡ್ಡಿಯಲ್ಲಿ ಕೆನ್ನೆಯ ಒಳಗೋಡೆ ಕೆರೆದು ಕೊಟ್ಟೆ.
ಆರೋಗ್ಯ ಅಂತ ಯಾರು ಹೇಳಿದ್ದು ಮೇಡಮ್, ಅಂದಳು.

ಮೊದಲು ನೀಲಿ.
ಹತ್ತನೇ ಕ್ಲಾಸಿನಲ್ಲಿ ಪೆನ್ಸಿಲಿನಿಂದ ತಿದ್ದಿ ತುಂಬಿ,
ಬಾಣ ಎಳೆದು ಹೆಸರು ಬರೆದು
ಎರಡು ಅಂಕ ಗಿಟ್ಟಿಸಿದ ಚುಕ್ಕೆ.
ಚುಕ್ಕೆಯೊಳಗೆ ಎರಡು ಮೀಟರ್ ನೂಲು.
ಅಂಚಿನಲ್ಲಿ, ಪೊರೆಗೆ ಆತುಕೊಂಡು,
ಮುದುಡಿ ಕೂತ ಒಂದು ಗುಪ್ಪೆ.

ಹೆಣ್ಣಿಗೆ ಎರಡು ಎಕ್ಸ್. ಅಪ್ಪನದೊಂದು, ಅಮ್ಮನದೊಂದು.
ಎರಡೂ ಒಟ್ಟಿಗೆ ಮಾತಾಡಿದರೆ ಕೋಶ ತಾಳುವುದಿಲ್ಲ.
ಹುರುಳಿಕಾಳಿನಷ್ಟೂ ಇಲ್ಲದಾಗಲೇ
ಒಂದೊಂದು ಕೋಶವೂ ಒಂದನ್ನು ಸುಮ್ಮನಾಗಿಸಿ
ಮೂಲೆಗೆ ಸರಿಸುತ್ತದೆ.
ಯಾವುದನ್ನು? ನಾಣ್ಯ ಚಿಮ್ಮಿದ ಹಾಗೆ.
ಈ ಕೋಶದಲ್ಲಿ ಅಪ್ಪ ಇರಬಹುದು, ಪಕ್ಕದ್ದರಲ್ಲಿ ಅಮ್ಮ.
ನೀಲಿ ಬಣ್ಣ ಯಾರ ಹೆಸರನ್ನೂ ಹೇಳುವುದಿಲ್ಲ.

ಭದ್ರಾವತಿ ಪೇಪರ್‌ಟೌನಿನ ಕ್ವಾರ್ಟರ್ಸಿನಲ್ಲಿ ಎರಡೇ ಕೋಣೆ.
ಒಂಬತ್ತು ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ.
ಉಂಗುರದ ವಿಷಯ ಅಂದರು ಅತ್ತೆ,
ಅಲ್ಲ, ಒಂದು ಕಾಗದ ಅಂದಳು ಚಿಕ್ಕಮ್ಮ.
ನಡುವೆ ಓಡಾಡುತ್ತಿದ್ದವಳು ನಾನು:
ಊಟ ಆಗಿದೆಯಂತೆ.
ಹಸಿವಿಲ್ಲವಂತೆ.
ಸೀಮೆಎಣ್ಣೆ ಮುಗಿದಿದೆಯಂತೆ.
ಸಂಬಳ ಶನಿವಾರವಂತೆ.
ನನ್ನ ಬಾಲ್ಯದ ವ್ಯಾಕರಣಕ್ಕೆ
ಅದೊಂದೇ ಪ್ರತ್ಯಯ.

ಹೇಳಿದ್ದೆಲ್ಲ ಒಯ್ಯುತ್ತಿರಲಿಲ್ಲ.
ಬಾಗಿಲು ದಾಟುವ ಮೊದಲು
ನಡುನಡುವಿನ ಬೈಗುಳ ಕತ್ತರಿಸಿ
ಉಳಿದ ತುದಿಗಳನ್ನು ಸೇರಿಸಿ ಹೊಲಿದು
ಆಚೆ ದಾಟಿಸುತ್ತಿದ್ದೆ.
ಎಮ್ಮೆಸ್ಸಿಯಲ್ಲಿ, ನ್ಯೂಕ್ಲಿಯಸ್ಸೂ ಇದನ್ನೇ ಮಾಡುತ್ತದೆ,
ಸಂದೇಶದ ನಕಲನ್ನು ಕತ್ತರಿಸಿ ಹೊಲಿದೇ ಹೊರಗೆ ಕಳಿಸುತ್ತದೆ
ಅಂತ ಮೇಷ್ಟ್ರು ಹೇಳಿದಾಗ
ನಗು ತಡೆಯಲಾಗದೆ ಕ್ಲಾಸಿನಿಂದ ಎದ್ದುಹೋಗಿದ್ದೆ.

ಹನ್ನೆರಡೂವರೆ. ಈಗ ಪಟ್ಟೆಪಟ್ಟೆ ಬೆಳಕು.
ಮೂರು ಕೋನ, ಕೋನಕ್ಕೆ ಐದು ಸಲ,
ಪದರಕ್ಕೆ ಹದಿನೈದು ಚಿತ್ರ.
ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ದಾಗ
ಎರಡರಲ್ಲೂ ಇಲ್ಲದ ಅಲೆ ಏಳುತ್ತದಲ್ಲ,
ಆ ಅಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ
ಬರಿಗಣ್ಣಿಗಲ್ಲ, ಬರಿಯ ಗಾಜಿಗೂ ಸಿಗದ್ದನ್ನು
ಕಂಪ್ಯೂಟರು ಮೆಲ್ಲಗೆ ಹೆಣೆಯುತ್ತದೆ.
ನಾನು ಕಷಾಯ ಕುಡಿಯುತ್ತ ಕಾಯುತ್ತೇನೆ.

ಎರಡೂ ಹತ್ತಕ್ಕೆ ಕಂಡಿತು.
ಗುಪ್ಪೆ ಗಟ್ಟಿಯಲ್ಲ.
ಅದರೊಳಗೆ ಕೂದಲಿಗಿಂತ ಎಷ್ಟೋ ಸಣ್ಣ ಓಣಿಗಳು,
ತಿರುಗಿ ತಿರುಗಿ ಪೊರೆಯ ರಂಧ್ರದ ತನಕ.
ಪುಸ್ತಕದಲ್ಲಿ ಓದಿದ್ದೇ.
ಸುಮ್ಮನಿರುವುದು ಪೂರ್ತಿ ಸುಮ್ಮನಿಲ್ಲ,
ನೂರರಲ್ಲಿ ಹತ್ತು ಹದಿನೈದು ಇನ್ನೂ ಪಿಸುಗುಡುತ್ತವೆ.
ಓದಿದ್ದೇ, ಆದರೂ.

ಅಪ್ಪನ ನೈಟ್ ಶಿಫ್ಟಿನ ವಾರ
ಅಮ್ಮ ಹೊರಗಿನ ಬಲ್ಬು ಉರಿಸಿಟ್ಟು ಮಲಗುತ್ತಿದ್ದಳು.
ಅದನ್ನು ಒಯ್ದು ಹೇಳು ಅಂತ
ನನಗೆ ಯಾರೂ ಹೇಳಲಿಲ್ಲ.
ಬೆಳಗಿನ ಸೈರನ್ನಿನ ಹೊತ್ತಿಗೆ ಅದು ಆರಿರುತ್ತಿತ್ತು.
ಯಾರು ಆರಿಸಿದರು ಅಂತ
ನಾನೂ ಕೇಳಲಿಲ್ಲ.

ಇನ್ನೊಮ್ಮೆ ನೋಡಬೇಕು. ಆದರೆ ನೋಡಿದಷ್ಟೂ
ಬಣ್ಣ ಮಾಸುತ್ತದೆ, ಲೇಸರಿನ ಬೆಳಕೇ ಅದನ್ನು ತಿನ್ನುತ್ತದೆ.
ಮಸುಕಾದ ನೀಲಿಯ ಮುಂದೆ ಕೂತಿರುವಾಗ
ಎಲ್ಲಿಂದಲೋ ಒಂದು ಲಾರಿ, ಹೊತ್ತು ಮೀರಿದ್ದು,
ಗುಪ್ಪೆ ಒಮ್ಮೆ ಎರಡಾಯಿತು,
ಮತ್ತೆ ಒಂದಾಯಿತು.

ಕಡತಕ್ಕೆ ತಾರೀಕು ಹಾಕಿ ಉಳಿಸಿದೆ.
ಅಫ್ಶೀನಳಿಗೆ ಮೆಸೇಜು:
ನಿನ್ನ ಕೋಶ ಸಿದ್ಧ.
ಆರೋಗ್ಯವಾಗಿದೆಯಂತೆ.