ಆರು ಅಡಿ ಹಗ್ಗ

ಜನವರಿ ಇಪ್ಪತ್ತಾರಕ್ಕ ಧ್ವಜ ಹಾರಸಾಕ
ಸೊಸೈಟಿಯವರು ಕರದಿದ್ದರು. ಘಾಟ್‌ಕೋಪರ, ಬಿ ವಿಂಗಿನ ಮುಂದ,
ಸ್ಕೂಟರುಗಳ ನಡುವ ಒಂದು ಕಂಬ.
ಸೆಕ್ರೆಟರಿ ಪಾರೇಖ ಮೈಕು ಕೈಗಿಟ್ಟು,
'ಕಮಾಂಡೋ ಅಂಕಲ್, ಎರಡು ಮಾತು.'
ಮಕ್ಕಳು ಲಾಡು ತಿನ್ನಕೋತ ಕುಂತಿದ್ದವು.

ಕೆಸರಿನ ಕತೆ ಹೇಳಿದೆ. ಅದು ಯಾವತ್ತೂ ನಡೀತದ.
ಕಾರಂಜಾದ ಖಾಡಿ, ನೀರು ಇಳಿದಾಗ ತೊಡೆಮಟ ಕೆಸರು,
ಹೆಗಲ ಮ್ಯಾಲೆ ದಿಮ್ಮಿ, ಹಿಂದ ತಾಂಡೇಲ ಉಸ್ತಾದರ ಸೀಟಿ.
ಐದು ದಿನ ನಿದ್ದಿ ಇಲ್ಲ. ಉಣ್ಣುವಾಗಲೇ ಮಲಗಿದ್ದು,
ದಾಲಿನಾಗ ಮೂಗು ಮುಳುಗಿ ಎಚ್ಚರಾದದ್ದು.
ಇಲ್ಲಿ ನಗತಾರ. ನಕ್ಕರು.
ಐವತ್ತೆರಡು ಮಂದಿ ಹೋಗಿದ್ದೆವು, ಒಂಬತ್ತು ಮಂದಿ ಉಳಿದೆವು.
ಚಪ್ಪಾಳೆ.
'ಅಂಕಲ್, ಹೆದರಿಕಿ ಆಗಿತ್ತಾ?' ಎರಡು ಜಡೆಯ ಒಂದು ಹುಡುಗಿ.
'ಟ್ರೇನಿಂಗಿನಾಗ ಅದನ್ನ ಬಿಡಸ್ತಾರವ್ವ' ಅಂದೆ.

ನಾ ಈಜು ಕಲಿತದ್ದು ಗದಗಿನ ಕಡೆ, ಗೌಡರ ಬಾವಿಯೊಳಗ,
ಬೆನ್ನಿಗೆ ಬೆಂಡು ಕಟಗೊಂಡು. ಬಾವಿಗೆ ನಾಕು ಗೋಡೆ.
ಯಾವ ಕಡೆ ಹೋದರೂ ಕಲ್ಲು ಸಿಗತದ, ಕೈ ಊರಬಹುದು.
ಸಮುದ್ರಕ್ಕ ಗೋಡೆ ಇಲ್ಲ ಅನ್ನೂದು
ಇಪ್ಪತ್ತೆರಡು ವರ್ಷಕ್ಕ ತಿಳೀತು.

ಜೋಡಿ ಕಟ್ಟಿದ್ದು ಹೆಂಬ್ರಮ್ ಜೊತಿ. ಮಯೂರಭಂಜದ ಕಾಡಿನವ.
ಅವನ ಮಾತು ನನಗ ಬರದು, ನಂದು ಅವಗ ಬರದು,
ಇಬ್ಬರ ಹಿಂದಿನೂ ಹರಕು ಬನಿಯನ್ನು.
ನಡುವ ಆರು ಅಡಿ ಹಗ್ಗ, ಅವನ ಬಲಗೈಯಿಂದ ನನ್ನ ಎಡಗೈಗೆ.
ಒಂದು ಜಗ್ಗಿದರ: ಇದ್ದೀಯೇನು?
ತಿರುಗಿ ಒಂದು: ಇದ್ದೀನಿ.
ಎರಡು: ನಿಲ್ಲು.
ಮೂರು: ಮ್ಯಾಲೆ ಹೋಗೂಣು.
ಇಷ್ಟ ಭಾಷೆ. ಇಷ್ಟರೊಳಗ ಜಗಳಾನೂ ಆಡಿದ್ದೆವು.
ಏನೂ ಆಗಿಲ್ಲದಾಗ ಅಂವ ಸುಮ್ಮಸುಮ್ಮನ ಒಂದು ಜಗ್ಗಾಂವ,
ಮತ್ತೊಂದು, ಬೀಡಿ ಕೇಳಿದಂಗ.

ಆ ರಾತ್ರಿ ಬಂದರಿನ ನೀರು ಡಾಂಬರು.
ಹಡಗಿನ ತಳ ಮುಟ್ಟಿ ಬರಬೇಕು, ಗುಳ್ಳೆ ಏಳಬಾರದು.
ಕೆಳಗ ಹೋದೆವು. ತಲೆ ಮ್ಯಾಲೆ ಕಬ್ಬಿಣ,
ಚಿಪ್ಪು ಬೆಳೆದ ಕಬ್ಬಿಣ, ಎತ್ತ ತಡವಿದರೂ ಮುಗೀವಲ್ದು.
ಗೋಡೆ ಇಲ್ಲ ಅಂತ ಹೆದರಿದವಗ
ಬಾವಿಯ ಮುಚ್ಚಳ ಸಿಕ್ಕಿತ್ತು.
ಮೂರು ಸಲ ಜಗ್ಗಿದೆ.
ನಾನು.

ದೋಣಿಯೊಳಗ ಟಾರ್ಚು. ಅದರ ಹಿಂದ ಉಸ್ತಾದರ ಧ್ವನಿ ಅಷ್ಟ:
'ಯಾರು ಜಗ್ಗಿದ್ದು?'
ನನ್ನ ಬಾಯೊಳಗ ಉಪ್ಪುನೀರು ಇತ್ತು.
ಉಗುಳಬೇಕು, ಆಮ್ಯಾಲೆ ಹೇಳಬೇಕು.
ಉಗುಳೂದರೊಳಗ ಅಂವ ಹೇಳಿದ್ದ:
'ಮೈಂ, ಉಸ್ತಾದ್.'

ಮುಂಜಾನೆ ಟ್ರಂಕು ಹೊತಗೊಂಡು ಹೋದ, ಹಳೇ ಹಡಗಿಗೆ.
ಯಾಕ ಅಂತ ನಾ ಕೇಳಲಿಲ್ಲ. ಯಾವ ಭಾಷೆಯೊಳಗ ಕೇಳಲಿ?
ಎದಿ ಮ್ಯಾಲೆ ಬಿಲ್ಲೆ ಬಂತು, ಹದಿನೆಂಟು ವರ್ಷ ತಿಕ್ಕಿ ಹೊಳಸಿದೆ.
ಅವನ ಊರಿಗೆ ಬರದ ಇನ್‌ಲ್ಯಾಂಡು ತಿರುಗಿ ಬಂತು.
ಎರಡನೇದು ಬರೀಲಿಲ್ಲ.

ಲಾಡು ಮುಗಿದ ಮ್ಯಾಲೆ ಮನಿಗೆ ಹೋಗದ
ಭಾವುಚಾ ಧಕ್ಕಾಕ್ಕ ಬಂದೆ. ಮೋರಾದ ಲಾಂಚು.
ಡೀಸೆಲ್ಲು, ಒಣಮೀನಿನ ಬುಟ್ಟಿ, ಗಾಠಿಯಾ ಎರಚುವ ಜನ,
ಅದಕ್ಕ ಬಡಿದಾಡುವ ಬಿಳಿ ಹಕ್ಕಿ.
ಕಾರಂಜಾಕ್ಕ ಹೋಗಿ ಏನ ಮಾಡಲಿ? ಗೇಟಿನಾಗ ಬಿಡೂದಿಲ್ಲ.
ಹಂಗ ನೀರು ನೋಡಕೋತ ಕುಂತೆ.

ಮೋರಾ ಬಂತು. ಖಲಾಸಿ ಹುಡುಗ ಧಕ್ಕೆಗೆ ಹಗ್ಗ ಒಗದ.
ಸಡಿಲ ಹಗ್ಗ ನನ್ನ ಮಗ್ಗಲದಾಗ ಬಿದ್ದಿತ್ತು, ಹಿಡದೆ.
ತೆರಿ ಎದ್ದು ಲಾಂಚು ಹಿಂದ ಸರೀತು,
ಹಗ್ಗ ಜಗ್ಗಿತು.
ಒಂದು.
ತಿರುಗಿ ಒಂದು ಜಗ್ಗಿದೆ.
ಆ ತುದಿಗೆ ಕಬ್ಬಿಣದ ಗೂಟ.

'ಕಾಕಾ, ಸೋಡಾ' ಅಂದ ಹುಡುಗ. ಬಿಡು ಅಂತ.
'ಸೋಡಾ ನಾ,' ಮತ್ತ ಅಂದ, 'ಕೈ ಕೊಯ್ತದ.'