ಕಿಸೇದ ಕಲಿ

ಜಿಲ್ಲಾ ಆದಮ್ಯಾಲ ಬಂತು ಈ ಹುಲ್ಲು ಯಾದಗಿರಿಗೆ,
ಹೈದರಾಬಾದಿನಿಂದ ಲಾರಿದಾಗ
ಚಾಪಿ ಸುತ್ತಿದಂಗ ಸುತ್ಕೊಂಡು.
ಮೇಯಾಕ ಅಲ್ಲ, ಹೊದಿಸಾಕ ಅಲ್ಲ, ಬರೇ ನೋಡಾಕ.
ಅದರ ಹಿಂದ ಕೆಂಪು ಮಷಿನ್ ಬಂತು,
ಮಷಿನ್ನಿನ ಹಿಂದ ನಮ್ಮನಿಯವ್ರು.

ಹದಿಮೂರು ವರ್ಷ ನಾ ಅವರ ಅಂಗಿ ಒಗದೆ.
ಎಡಗಡಿ ಕಿಸೇದಾಗ ಒಂದು ಕರಿ ಕಲಿ,
ಸೋಡಾ ಹಾಕಿದೆ, ಲಿಂಬಿ ತಿಕ್ಕಿದೆ,
ಹೋಗಲಿಲ್ಲ.
"ಏನ್ ಇಟ್ಕೊಂತೀರಿ ಇದರಾಗ, ಬೆಂಕಿನ?" ಅಂದ್ರ
"ಹೌದು" ಅಂತಿದ್ರು.

ಹೋದ ಉಗಾದಿಗೆ ಸಕ್ಕರಿ ಬ್ಯಾನಿ ಅವರ ಕಣ್ಣಿಗೇರಿತು.
ಹುಲ್ಲು ಯಾವುದು, ಪರಸಿ ಯಾವುದು ತಿಳೀದಂಗಾತು.
ಸಾಹೇಬ್ರು ಕೇಳಿದ್ರು: ಮೋನಮ್ಮ, ನೀ ನಡಸ್ತಿ ಏನು?
ದಿನಗೂಲಿ ಮ್ಯಾಲ.
ಸೀರಿ ಮ್ಯಾಲ ಅದೇ ಅಂಗಿ ಹಾಕ್ಕೊಂಡೆ,
ಸೆರಗು ಒಳಗ ಸಿಗಿಸಿ, ಒಂದು ಎಳಿನೂ ಜೋತಾಡದಂಗ.
ಕಾಲಿಗೆ ಅವರ ಬೂಟು, ತುದಿಗೆ ಅರಬಿ ತುರುಕಿ.
ಬೇವಿನ ಕಟ್ಟಿ ಮ್ಯಾಲ ಕುಂತು ಅವರು
"ಕಲಿ" ಅಂದ್ರು.
ನನಗ ಕಿಸೆ ನೆನಪಾತು.

ಮೊದಲ ದಿನ ಮಷಿನ್ ಮುಟ್ಟಗೊಡಲಿಲ್ಲ.
"ಹುಲ್ಲಿನ ಮ್ಯಾಲ ನಡಿ. ಕಲ್ಲು ಆರಸು."
ಬಾಟ್ಲಿ ಮುಚ್ಚಳ, ಅರ್ಜಿ ಕಾಗದದ ಟಾಚಣಿ,
ಗುಡ್ಡದ ಹಳಕು, ಕೂಸಿನ ಒಂಟಿ ಚಪ್ಪಲಿ.
ಸಾಹೇಬರಿಗೆ ಕಾಯ್ಕೋತ ಕುಂತ ಮಂದಿ
ಏನೇನು ಬಿಟ್ಟು ಹೋಗ್ತಾರ!
"ಬ್ಲೇಡಿಗೆ ಸಿಕ್ಕಮ್ಯಾಲ ಅದು ಕಲ್ಲಲ್ಲ, ಗುಂಡು.
ನಂಬದಿದ್ರ ಹಾಜಿಸಾಬನ ಕ್ಯಾಂಟೀನಿನ ಕಿಟಕಿ ಕೇಳು."

ಪೆಟ್ರೋಲು ಇಂಜಿನ್ ತಣ್ಣಗಿದ್ದಾಗ ಹಾಕಬೇಕು,
ಹುಲ್ಲಿನ ಮ್ಯಾಲ ಅಲ್ಲ, ಗಚ್ಚಿನ ಮ್ಯಾಲ.
ನಮ್ಮೂರ ಬಿಸಲಿನಾಗ ತಣ್ಣಗ ಅಂದ್ರ ಮುಂಜಾನಿ ಐದೂವರಿ.
ಎಣ್ಣಿ ಕಡ್ಡಿ ಒರಸಿ, ಅದ್ದಿ, ತೆಗದು
ಅವರ ಬೆರಳಿಗೆ ಮುಟ್ಟಸ್ತೀನಿ.
ತಿಕ್ಕಿ ನೋಡಿ "ಸುಟ್ಟದ, ಬದಲಸು" ಅಂತಾರ.
ಕಣ್ಣಿದ್ದ ನನಗ ಬರೇ ಕರ್ರಗ ಕಾಣತದ.

ಹಗ್ಗ ಎಳದೆ. ಕೆಮ್ಮಿತು. ಮತ್ತ ಎಳದೆ.
"ಚೋಕು ಅರ್ಧ ಬಿಡು.
ಬರೇ ತೋಳಿಲೆ ಎಳೀತಾರೇನು?
ಭಾವಿ ಹಗ್ಗ ಜಗ್ಗಿದಾಕಿ ಹೌದಿಲ್ಲೊ ನೀ?"
ಹೌದು. ತವರಮನಿ ಭಾವಿ ನೆನಸ್ಕೊಂಡು ಜಗ್ಗಿದೆ.
ಹತ್ತಿತು.
ಪಾರಿವಾಳ ಎಲ್ಲಾ ಒಮ್ಮಿಗೇ ಎದ್ದವು ಕಚೇರಿ ಮ್ಯಾಲಿಂದ.

ಕಟ್ಟಿ ಮ್ಯಾಲಿಂದ ಕೈ ಎತ್ತಿದ್ರು:
"ಹಸಕೊಂಡದ. ಗಾಳಿನೇ ಕುಡೀಲಿಕತ್ತದ.
ಆ ಸಣ್ಣ ಸ್ಕ್ರೂ, ಕಾಲು ಸುತ್ತು, ಎಡಕ್ಕ.
ಇನಾ ಅರಪಾವು. ತಡಿ. ಹಾಂ."
ಬೀಸೂಕಲ್ಲಿಗೆ ಕೈ ಕೂಡಿದಾಗ ಬರತದಲ್ಲ,
ಅಂಥ ಸದ್ದು.

ಗಾಲಿಗೆ ಐದು ಕಚ್ಚು. ನಾಕೂ ಗಾಲಿ ಒಂದೇ ಕಚ್ಚಿನಾಗ.
ಮಂತ್ರಿ ಬರತಾರ, ಎರಡಕ್ಕ ಇಳಸು ಅಂದ್ರು ಸಾಹೇಬ್ರು.
ಏಪ್ರಿಲ್ ತಿಂಗಳು, ಬೇರು ಸುಟ್ಟು ಹೋಗ್ತದ.
ನಾಕರ ಮ್ಯಾಲ ಇಟ್ಟು
"ಎರಡರ ಮ್ಯಾಲೇ ಅದರೀ" ಅಂದೆ.
ಬಾಗಿ ನೋಡವ್ರು ಯಾರು?

ಹಿಡಿಕಿ ಜೋಡಿ ಒತ್ತಿ ಹಿಡಿಯೂ ಸರಳು ಒಂದದ,
ಬಿಟ್ರ ಇಂಜಿನ್ ನಿಲ್ಲತದ. ಮುಂಗೈ ನೋಯತದ, ಖರೆ.
ನಾ ರಜಾ ಇದ್ದ ದಿನ ಬಂದ ಹುಡುಗ ಅದಕ್ಕ ತಂತಿ ಬಿಗದಿದ್ದ.
ಇವರಿಗೆ ಸಿಟ್ಟು ಬಂದದ್ದು ನಾ ಎರಡೇ ಸಲ ನೋಡೀನಿ,
ಅದು ಎರಡನೇದು.
ಮೊದಲನೇದು ಹೇಳಂಗಿಲ್ಲ.

ದಿಬ್ಬಕ್ಕ ಅಡ್ಡ ನಡಿ, ಏರಬ್ಯಾಡ, ಇಳೀಬ್ಯಾಡ.
ಹಿಂದಕ್ಕ ಜಗ್ಗಬ್ಯಾಡ, ನಿನ್ನ ಕಾಲು ಅಲ್ಲೇ ಇರ್ತಾವ.
ಇಷ್ಟು ಹೇಳಿದಮ್ಯಾಲೂ
ಹಸಿ ಹುಲ್ಲಿಗೆ ಹೋದೆ ಒಂದಿನ, ತೆಳಗ ಮುದ್ದಿ ಕಟ್ಟಿ ನಿಂತಿತು.
ಕೈ ಬಿಟ್ಟೆ. ಬ್ಲೇಡಿನ ಗುಂಗಾಡದಂಥ ಸದ್ದು ಸಾಯೂತನಾ ಕಾದೆ.
ಇಂಜಿನ್ ಆರೂತನಾ ಚಾ ಕುಡದೆ.
"ಈಗ ಪ್ಲಗ್ ಬಿಚ್ಚು.
ಟೋಪಿ ಕಿತ್ರ ಸಾಕಂತಾರ ಮಂದಿ. ನನಗ ಸಾಲಂಗಿಲ್ಲ.
ಬೆಂಕಿ ನಿನ್ನ ಕಿಸೇದಾಗಿರಲಿ, ಆಮ್ಯಾಲ ಕೈ ಹಾಕು."
ಫಿಲ್ಟರ್ ಮ್ಯಾಕ ಬರೂ ಹಂಗ ವಾಲಸಿ
ಕಟಗಿ ತುಂಡಿಲೆ ಕೆರದೆ, ಹೆದರಿ ಹೆದರಿ.
ಎಡ ಎದಿ ಮ್ಯಾಲ ಬೆಚ್ಚಗ, ನಾಕು ತೊಲಿ ಭಾರ.

ಈಗ ಸಂಜಿಗೆ ಅರಬಿ ಒಗಿಯೂದು ಅವರು,
ಮುಟ್ಟಿ ಮುಟ್ಟಿ, ಕಿಸೆ ಹೊರಳಸಿ.
ನಿನ್ನಿ ಪ್ಲಗ್ ಕೈಗೆ ಸಿಕ್ಕತು, ಬಕೀಟಿನ ನೀರಾಗ.
"ಮೋನಿ, ನಾಳಿ ಮಷಿನ್ ಹತ್ತಂಗಿಲ್ಲ ನೋಡು" ಅಂದ್ರು,
ನಕ್ಕೋತ, ಊದಿ ಊದಿ ಒಣಗಸ್ಕೋತ.
"ಕಲಿ ಹೋತೇನ್ರಿ?" ಅಂದೆ.
"ನನಗೆಲ್ಲಿ ಕಾಣತದ" ಅಂದ್ರು,
ಮತ್ತ ಅದೇ ಜಾಗಾ ತಿಕ್ಕಲಿಕತ್ರು.